ಈ ಬರೆ ಹಾಕಿದ್ದು ಯಾರು

ಸಾಂಗ್ಲಿಯಿಂದ ಮಿರಜಕ್ಕೆ ಬರುವ ಬಸ್ಸಿನಲ್ಲಿ ನನಗೆ ಬಲಗಡೆ ಸಾಲಿನಲ್ಲಿ ನಡುದಾರಿಯ ಬದಿಯ ಸೀಟೇ ಬೇಕು. ಬೇರೆ ಎಲ್ಲಿ ಕೂತರೂ ನನ್ನ ಎಡಗಾಲನ್ನು ಇಡಲು ಜಾಗವಿರುವುದಿಲ್ಲ. ಅದು ಮಡಚುವುದಿಲ್ಲ. ಸೊಂಟದಿಂದ ಹಿಮ್ಮಡಿಯವರೆಗೆ ನೆಟ್ಟಗೆ, ನಡುದಾರಿಗೆ ಅಡ್ಡಲಾಗಿ ಚಾಚಿಕೊಂಡಿರುತ್ತದೆ. ಹತ್ತುವವರೂ ಇಳಿಯುವವರೂ ಅದನ್ನು ದಾಟಿಯೇ ಹೋಗಬೇಕು. ಹೆಂಗಸರು ಸೀರೆಯ ನಿರಿಗೆ ಹಿಡಿದು ದಾಟುತ್ತಾರೆ, ಮುದುಕರು ನನ್ನ ಭುಜ ಹಿಡಿದು ದಾಟುತ್ತಾರೆ. ವಿಶ್ರಾಮಬಾಗದಲ್ಲಿ ಹತ್ತುವ ಕಾಲೇಜಿನವರು ಹಾರಿಯೇ ಹೋಗುತ್ತಾರೆ. ಹೊಸ ಕಂಡಕ್ಟರನಾದರೆ ‘ಕಾಕಾ, ಪಾಯ ಆತ ಘ್ಯಾ’ ಎನ್ನುತ್ತಾನೆ. ಕಾಲು ಒಳಗೆ ತೆಗೆದುಕೊಳ್ಳಲು ಬರುವುದಿಲ್ಲವಪ್ಪ ಎಂದು ನಾನೂ ಮರಾಠಿಯಲ್ಲೇ ಹೇಳುತ್ತೇನೆ. ಅಡ್ಡಿಗಳನ್ನು ಹಾರಲೆಂದೇ ಬೆಳೆಸಿದ ಕಾಲು ಈಗ ತಾನೇ ಅಡ್ಡಿಯಾಗಿ ಕೂತಿದೆ. ಮೊದಮೊದಲು ಇದಕ್ಕೆ ನಾನೂ ನಗುತ್ತಿದ್ದೆ.

ನನಗೆ ಬಂದದ್ದು ಮೊಣಕಾಲಿನ ಕ್ಷಯ. ವಾಸಿಯಾಗಿ ಹದಿನೆಂಟು ವರ್ಷವಾಯಿತು. ರೋಗ ಹೇಗೆ ಬರುತ್ತದೆ, ಏನು ಮಾಡಬೇಕು ಎಂಬುದನ್ನೆಲ್ಲ ದವಾಖಾನೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ, ಅದನ್ನು ನಾನು ಮತ್ತೆ ಹೇಳುವುದಿಲ್ಲ. ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ನನ್ನ ಕಾಲಿನ ಕಥೆ ಒಂದೇ: ಟಾಂಗಾ ಹೊಡೆಯುವ ಸೋದರಮಾವ ಕುದುರೆಗೆ ಬರೆ ಹಾಕಿದಂತೆ ಅಳಿಯನ ಮೊಣಕಾಲಿಗೂ ಬರೆ ಹಾಕಿ, ಓಡುವ ಹುಡುಗನನ್ನು ಕುಂಟನನ್ನಾಗಿ ಮಾಡಿದ. ಈ ಕಥೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ಅದು ಅರ್ಧ ಕಥೆ. ಉಳಿದರ್ಧ ನನಗೂ ಮಾಮಾನಿಗೂ ಮಾತ್ರ ಗೊತ್ತಿತ್ತು. ಹನ್ನೊಂದು ವರ್ಷ ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ರೋಗಕ್ಕಿಂತ ಆ ಮೌನವೇ ನನ್ನನ್ನು ಹೆಚ್ಚು ತಿಂದಿದೆ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನನಗೆ ತಿಳಿವಳಿಕೆ ಬರುವ ಮೊದಲೇ ಅಪ್ಪ ತೀರಿಕೊಂಡಿದ್ದ. ಅವ್ವ ನನ್ನನ್ನು ಎತ್ತಿಕೊಂಡು ಅಥಣಿ ಕಡೆಯ ಹಳ್ಳಿಯಿಂದ ಮಿರಜದಲ್ಲಿದ್ದ ಅಣ್ಣನ ಮನೆಗೆ ಬಂದಳು. ಎರಡು ಕೋಣೆ, ಹಿಂದೆ ಕುದುರೆಯ ಕೊಟ್ಟಿಗೆ. ಮಾಮಾನ ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಅವ್ವ ಸಾಂಗ್ಲಿಯ ಪೇಟೆಯಲ್ಲಿ ಅರಿಸಿನ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು, ಅವಳ ಉಗುರಿನ ಸಂದಿಯ ಹಳದಿ ಹಬ್ಬಕ್ಕೂ ಹೋಗುತ್ತಿರಲಿಲ್ಲ. ಮಾಮಾ ಹರೆಯದಲ್ಲಿ ಸಂಸ್ಥಾನದ ಲಾಯದಲ್ಲಿ ಸವಾರನಾಗಿದ್ದ. ಆಗ ಅಲ್ಲಿ ಕುದುರೆಗಳನ್ನು ಬೇಲಿ, ಗೋಡೆ, ನೀರಿನ ಗುಂಡಿಗಳ ಮೇಲೆ ಹಾರಿಸುವ ಪಂದ್ಯಗಳಾಗುತ್ತಿದ್ದವಂತೆ. ಸಂಸ್ಥಾನ ಹೋಯಿತು, ಕುದುರೆಗಳು ಹರಾಜಾದವು. ಮಾಮಾ ಒಂದು ಟಾಂಗಾ ಕಟ್ಟಿಕೊಂಡು ಮಿರಜ ಸ್ಟೇಷನ್ನಿನ ಮುಂದೆ ನಿಂತ.

ಮಿರಜದ ಟಾಂಗಾದವರಿಗೆ ಅರ್ಧ ಡಾಕ್ಟರಿಕೆ ತಾನಾಗಿಯೇ ಬರುತ್ತಿತ್ತು. ವಿಜಾಪುರ, ಜಮಖಂಡಿ, ರಾಯಬಾಗ ಕಡೆಯಿಂದ ರೈಲು ಬಂದರೆ ಅರ್ಧ ಡಬ್ಬಿ ರೋಗಿಗಳೇ. ರೋಗಿ ಇಳಿಯುವ ರೀತಿ ನೋಡಿ ಮಾಮಾ ಯಾವ ದವಾಖಾನೆ, ಯಾವ ಬಾಗಿಲು ಎಂದು ಹೇಳಿಬಿಡುತ್ತಿದ್ದ. ಹಿಂದೆ ಕೂತವರು ಯಾವಾಗಲೂ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಗುಣಾ ಆಗತೈತೇನ್ರಿ?” ಮಾಮಾನ ಉತ್ತರವೂ ಒಂದೇ: “ಆಗತೈತ್ರಿ. ಗಟ್ಟಿ ಹಿಡಕೊಂಡ ಕುಂದ್ರಿ.”

ನಾನು ಓಡುವುದನ್ನು ಕಲಿತದ್ದು ಅವನ ಕುದುರೆಯ ಜೊತೆ. ಮೈನಾ ಎಂಬ ಕಂದು ಬಣ್ಣದ ಹೆಣ್ಣು ಕುದುರೆ. ಬೇಸಗೆಯಲ್ಲಿ ಕಬ್ಬು ಕಡಿದ ಹೊಲಗಳಲ್ಲಿ ಮಾಮಾ ರವದಿಯ, ಅಂದರೆ ಒಣಗಿದ ಕಬ್ಬಿನೆಲೆಯ, ಹೊರೆಗಳನ್ನು ಸೊಂಟದೆತ್ತರ ಒಟ್ಟುತ್ತಿದ್ದ. ಅಲ್ಲೊಂದು, ಇಲ್ಲೊಂದು, ಕೊನೆಗೆ ನೀರಿನ ಕಾಲುವೆ. ಟಾಂಗಾದಿಂದ ಬಿಚ್ಚಿದ ಮೈನಾಳ ಮೇಲೆ ತಡಿಯಿಲ್ಲದೆ ಅವನು, ಪಕ್ಕದಲ್ಲಿ ಬರಿಗಾಲಿನಲ್ಲಿ ನಾನು. ಇಬ್ಬರೂ ಒಟ್ಟಿಗೆ ಬಿಡುತ್ತಿದ್ದೆವು. ಬಯಲಿನಲ್ಲಿ ಕುದುರೆ ನನ್ನನ್ನು ಎಲ್ಲಿಯೋ ಬಿಟ್ಟು ಹೋಗುತ್ತಿತ್ತು. ಆದರೆ ಅಡ್ಡಿಯ ಮುಂದೆ ಅದು ಅಳೆದು ನೋಡುತ್ತದೆ, ಒಂದು ಗಳಿಗೆ ತಡೆಯುತ್ತದೆ. ನಾನು ತಡೆಯುತ್ತಿರಲಿಲ್ಲ. ಅಲ್ಲಿ ಅದನ್ನು ಹಿಡಿಯುತ್ತಿದ್ದೆ.

“ಅಡ್ಡಿ ನೋಡಬ್ಯಾಡೋ ಅಳ್ಯಾ,” ಎನ್ನುತ್ತಿದ್ದ ಮಾಮಾ. “ಆಚಿ ಕಡೆ ಕಾಲ ಎಲ್ಲಿ ಇಡತೀ, ಅದನ್ನ ನೋಡು.”

ಕಾಲೇಜಿನ ಮೈದಾನದಲ್ಲಿ ಇದಕ್ಕೊಂದು ಹೆಸರಿದೆ ಎಂದು ತಿಳಿಯಿತು. ಮರಾಠಿಯಲ್ಲಿ ‘ಅಡಥಳ್ಯಾಂಚಿ ಶರ್ಯತ’, ಅಡ್ಡಿಗಳ ಓಟದ ಪಂದ್ಯ, ಎನ್ನುತ್ತಿದ್ದರು. ಮೂರು ಸಾವಿರ ಮೀಟರು. ಅಡ್ಡಿಗಳು ದಪ್ಪ ತೊಲೆಯವು, ತಾಗಿದರೆ ಬೀಳುವುದು ನಾವೇ ಹೊರತು ತೊಲೆಯಲ್ಲ. ಪ್ರತಿ ಸುತ್ತಿಗೊಮ್ಮೆ ತೊಲೆಯ ಆಚೆ ನೀರಿನ ಗುಂಡಿ. ಬೇರೆಯವರು ತೊಲೆಯ ಮೇಲೆ ಕಾಲಿಟ್ಟು ದುಡುಂ ಎಂದು ನೀರಿಗೆ ಬೀಳುತ್ತಿದ್ದರು. ನಾನು ಗುಂಡಿಯ ಕೊನೆಯಲ್ಲಿ, ಪಾದ ಮಾತ್ರ ತೊಯ್ಯುವಲ್ಲಿ ಇಳಿಯುತ್ತಿದ್ದೆ. ಆಗಿನ ಕಾಲದಲ್ಲಿ ನಮ್ಮ ಸುತ್ತಮುತ್ತ ಸಹಕಾರಿ ಸಕ್ಕರೆ ಕಾರ್ಖಾನೆಗಳು ಏಳುತ್ತಿದ್ದವು, ಕಾರ್ಖಾನೆಗೊಂದು ಆಟಗಾರರ ತಂಡ. ಒಂದು ಕಾರ್ಖಾನೆಯ ಅಧ್ಯಕ್ಷರು ನನ್ನ ಓಟ ನೋಡಿ, ವಿಭಾಗಮಟ್ಟಕ್ಕೆ ಆಯ್ಕೆಯಾಗಿ ಬಾ, ಕಾಯಂ ನೌಕರಿ ಕೊಡುತ್ತೇನೆ ಎಂದರು. ಅವ್ವ ಅಂದು ಹೋಳಿಗೆ ಮಾಡಿದಳು. ಇನ್ನು ಅರಿಸಿನ ಆರಿಸುವುದು ಬಿಡಬಹುದೇನೋ ಎಂದು ಅವಳು ತನ್ನ ಬೆರಳುಗಳನ್ನು ನೋಡಿಕೊಂಡದ್ದು ನನಗಿನ್ನೂ ನೆನಪಿದೆ.

ಮೊಣಕಾಲು ನೋಯತೊಡಗಿದ್ದು ಅದೇ ತಿಂಗಳು. ಮೊದಲು ಮೆಟ್ಟಿಲಿಳಿಯುವಾಗ ಮಾತ್ರ, ಆಮೇಲೆ ಬೆಳಿಗ್ಗೆ ಎದ್ದ ಕೂಡಲೇ, ಆಮೇಲೆ ಸುಮ್ಮನೆ ಕೂತಾಗಲೂ. ಮೊಣಕಾಲು ಊದಿ ತೊಡೆ ಸಣ್ಣಗಾಯಿತು. ಸಂಜೆಯಾದರೆ ಸಣ್ಣಗೆ ಜ್ವರ. ಅವ್ವನಿಗೆ ಉಳುಕಿದೆ ಎಂದು ಹೇಳಿದೆ. ಅವಳು ಅರಿಸಿನ ಅರೆದು ಬಿಸಿ ಮಾಡಿ ಕಟ್ಟಿದಳು. ಜ್ವರದ ವಿಷಯ ಹೇಳಲೇ ಇಲ್ಲ. ಕಾಯಿಲೆಯಾದವರಲ್ಲಿ ಅರ್ಧ ಜನ ಹೀಗೇ ಮಾಡುತ್ತಾರೆ ಎಂದು ಆಮೇಲೆ ವಾರ್ಡಿನಲ್ಲಿ ತಿಳಿಯಿತು.

ಮಾಮಾ ಎಲ್ಲವನ್ನೂ ನೋಡುತ್ತಿದ್ದ. ಕುದುರೆಯ ಕಾಲು ನೋಡಿ ಬದುಕಿದವನಿಗೆ ನನ್ನ ಕಾಲು ಮುಚ್ಚಿಡುವುದು ಹೇಗೆ? ಒಂದು ದಿನ ಕೊಟ್ಟಿಗೆಯಲ್ಲಿ ನನ್ನನ್ನು ಕೂರಿಸಿಕೊಂಡು ಮೊಣಕಾಲಿನ ಮೇಲೆ ಅಂಗೈ ಇಟ್ಟ.

“ಬಿಸಿ ಐತಿ,” ಎಂದ. “ನಡಿ, ದವಾಖಾನಿಗೆ ಹೋಗೂಣು.”

“ದವಾಖಾನಿ ಬ್ಯಾಡ್ರಿ ಮಾಮಾ. ಪ್ಲಾಸ್ಟರ ಹಾಕಿ ಮಲಗಸತಾರ. ಆಯ್ಕಿ ತಪ್ಪತೈತಿ. ಮೈನಾಗ ಹಾಕಿದ್ರೆಲ್ಲಾ, ಹಂಗ ನನಗೂ ಬರಿ ಹಾಕ್ರಿ.”

ಎರಡು ವರ್ಷದ ಹಿಂದೆ ಮೈನಾಳ ಮುಂಗಾಲಿನ ಕೀಲು ಹೀಗೆಯೇ ಊದಿತ್ತು. ಕುದುರೆಯವರ ಪದ್ಧತಿಯಂತೆ ಮಾಮಾ ಕಾದ ಕಬ್ಬಿಣದಿಂದ ಮೂರು ಗೆರೆ ಎಳೆದಿದ್ದ. ಅವಳು ಮತ್ತೆ ಓಡಿದ್ದಳು. ನಾನು ಕಣ್ಣಾರೆ ಕಂಡ ಚಿಕಿತ್ಸೆ ಅದೊಂದೇ.

“ಮನಷಾಗ ಹಾಕೂದಲ್ಲ ಅದು,” ಎಂದು ಮಾಮಾ ಎದ್ದು ಹೋದ.

ನಾಲ್ಕು ದಿನ ಬಿಟ್ಟು ಮತ್ತೆ ಕೇಳಿದೆ. ಮತ್ತೆ ಬೇಡವೆಂದ. ಮೂರನೆಯ ಸಲ ನಾನು ಕೇಳಲಿಲ್ಲ, ಹೆದರಿಸಿದೆ. ನೀವು ಹಾಕದಿದ್ದರೆ ನಾನೇ ಕುಡುಗೋಲು ಕಾಸಿ ಹಾಕಿಕೊಳ್ಳುತ್ತೇನೆ ಎಂದೆ. ಹಾಕಿಕೊಂಡೇ ಬಿಡುವವನು ನಾನು ಎಂದು ಅವನಿಗೆ ಗೊತ್ತಿತ್ತು.

ಅವನು ಬಹಳ ಹೊತ್ತು ಮೈನಾಳ ಬೆನ್ನು ತಿಕ್ಕುತ್ತ ನಿಂತಿದ್ದ. ಆಮೇಲೆ ಹೇಳಿದ, “ಬರಿ ಹಾಕಿದ ಮ್ಯಾಲ ಕುದರಿ ಒಂದ ತಿಂಗಳ ಕಟ್ಟಿದಲ್ಲೇ ನಿಂದ್ರತೈತಿ. ನೀ ನಿಂದ್ರತೀ ಏನು?”

“ನಿಂದ್ರತೇನ್ರಿ.”

“ಆಯ್ಕಿ ಶರ್ಯತ್ತು ಯಾವಾಗ?”

“ಮುಂದಿನ ತಿಂಗಳ ಕಡೀಕ,” ಎಂದೆ. ಸುಳ್ಳು ಹೇಳಿದೆ, ಶರ್ಯತ್ತಿಗೆ ಉಳಿದದ್ದು ಹತ್ತೇ ದಿನ.

ಅವ್ವ ಕೆಲಸಕ್ಕೆ ಹೋದ ಮೇಲೆ, ಹಾಡಹಗಲೇ, ಮೂರು ಗೆರೆ ಎಳೆದ. ನಾನು ಬಾಯಿಗೆ ಮೈನಾಳ ಲಗಾಮಿನ ತೊಗಲು ಕಚ್ಚಿಕೊಂಡಿದ್ದೆ. ಅವನ ಕೈ ಅಲುಗಲಿಲ್ಲ, ಆದರೆ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಮುಗಿದ ಮೇಲೆ ಬೆಣ್ಣೆ ಸವರಿ, ತಲೆಗೆ ಸುತ್ತುವ ತನ್ನ ಹಳೆಯ ಪಟಕದ ತುಂಡು ಕಟ್ಟಿದ. ಕಾಲೇಜಿಗೆ ರಜೆ ಹಾಕಿ ಮಲಗು ಎಂದ. ಅವ್ವನಿಗೆ ಮಾತ್ರ ಹೇಳುವುದು ಬೇಡವೆಂದು ನಾನೇ ಅವನಿಂದ ಮಾತು ತೆಗೆದುಕೊಂಡೆ. ಮಾಮಾ ಸ್ಟೇಷನ್ನಿಗೆ, ಅವ್ವ ಪೇಟೆಗೆ ಹೋಗುತ್ತಿದ್ದಂತೆ ಆರನೆಯ ದಿನ ನಾನು ಮೈದಾನಕ್ಕೆ ಹೋಗಿ ಓಡಿದೆ. ಕುದುರೆಯನ್ನಾದರೆ ಕಟ್ಟಿಹಾಕಬಹುದಿತ್ತು.

ಆಯ್ಕೆಯ ದಿನ ಉದ್ದ ಕಾಲುಚೀಲ ಏರಿಸಿ ಅದರೊಳಗೆ ಪಟ್ಟಿ ಬಿಗಿದುಕೊಂಡೆ. ನಾಲ್ಕನೆಯ ಸುತ್ತಿನವರೆಗೆ ಎಲ್ಲರಿಗಿಂತ ಮುಂದಿದ್ದೆ. ಸುಟ್ಟ ಗಾಯದ ಉರಿಯೇ ಎಷ್ಟಿತ್ತೆಂದರೆ ಒಳಗಿನ ನೋವು ಗೊತ್ತೇ ಆಗಲಿಲ್ಲ. ಬರೆಯಿಂದ ಆದ ಉಪಕಾರ ಅದೊಂದೇ. ಐದನೆಯ ಸುತ್ತಿನಲ್ಲಿ ನೀರಿನ ಗುಂಡಿಯ ತೊಲೆಯ ಮೇಲೆ ಎಡಗಾಲಿಟ್ಟೆ. ಆಚೆ ಎಲ್ಲಿ ಇಳಿಯಬೇಕೆಂದು ನೋಡಿಯೂ ಇದ್ದೆ. ಕಾಲು ಏಳಲಿಲ್ಲ. ಮೊಣಕಾಲಿನೊಳಗೆ ಏನೋ ಒದ್ದೆ ಕಟ್ಟಿಗೆ ಮುರಿದಂತೆ ಆಯಿತು, ನಾನು ಗುಂಡಿಯ ಆಳದ ಕಡೆಗೆ ಮುಖ ಅಡಿಯಾಗಿ ಬಿದ್ದೆ. ಹಿಂದೆ ಬಂದವರು ನನ್ನ ಮೇಲಿಂದ ಹಾರಿಹೋದರು. ಅವರದೇನೂ ತಪ್ಪಿಲ್ಲ, ಶರ್ಯತ್ತು ನಡೆದಿತ್ತು.

ಇಬ್ಬರು ಗೆಳೆಯರು ನನ್ನನ್ನು ಬಸ್ಸಿನಲ್ಲಿ ಮಿರಜ ಸ್ಟೇಷನ್ನಿಗೆ ತಂದರು. ನಾನು ಮಾಮಾನ ಹೆಸರು ಬಿಟ್ಟು ಬೇರೇನೂ ಹೇಳಲಿಲ್ಲವಂತೆ. ಮಾಮಾ ಒಬ್ಬ ರೋಗಿಯನ್ನು ಕೂರಿಸಿಕೊಂಡು ಹೊರಡುವುದರಲ್ಲಿದ್ದ. ಒದ್ದೆ ಚಡ್ಡಿಯಲ್ಲಿದ್ದ ನನ್ನನ್ನು ನೋಡಿದ. ರೋಗಿಯ ಕಡೆಯವರಿಗೆ ಕೈ ಮುಗಿದು, “ಇನ್ನೊಂದ ಟಾಂಗಾ ಹತ್ತ್ರಿ, ನನ್ನ ಮಗಾ ಬಿದ್ದಾನ,” ಎಂದ. ನನ್ನನ್ನು ಹಿಂದೆ ಮಲಗಿಸಿ ದವಾಖಾನೆಯ ದಾರಿ ಹಿಡಿದ. ನಾನೇ ಕೇಳಿದೆ, “ಮಾಮಾ, ಗುಣಾ ಆಗತೈತೇನ್ರಿ?” ಜೀವಮಾನವೆಲ್ಲ ಸಿದ್ಧವಾಗಿದ್ದ ಉತ್ತರ ಅವನ ಬಾಯಿಂದ ಬರಲಿಲ್ಲ.

ದವಾಖಾನೆಯ ಬೆಂಚಿನ ಮೇಲೆ ಮಧ್ಯಾಹ್ನವೆಲ್ಲ ಕಳೆಯಿತು. ಅಲ್ಲಿ ಕೂತವರಲ್ಲಿ ಕೆಲವರು ಅಂದೇ ಬೆಳಿಗ್ಗೆ ಮಾಮಾನ ಟಾಂಗಾದಲ್ಲಿ ಬಂದವರು. “ನಿಮಗೇನಾತ್ರಿ ಟಾಂಗಾ ಕಾಕಾ?” ಎಂದು ಕೇಳಿದರು. ಒಬ್ಬ ಹೆಂಗಸು ನನ್ನ ತೊಯ್ದ ಮೈ ನೋಡಿ ತನ್ನ ಕೌದಿಯನ್ನು ಹೊದಿಸಿದಳು. ಅವಳ ಗಂಡನಿಗೇ ಅದು ಬೇಕಿತ್ತು, ಅವನು ನಡುಗುತ್ತಿದ್ದ. ಆ ಕೌದಿಯ ಹೊಗೆ ವಾಸನೆ ನನಗೆ ಈಗಲೂ ನೆನಪಿದೆ. ಎಕ್ಸ್-ರೇ ಆಗುವಷ್ಟರಲ್ಲಿ ಯಾರೋ ಸುದ್ದಿ ಮುಟ್ಟಿಸಿ ಅವ್ವ ಬಂದಳು, ಕೈಯ ಹಳದಿ ತೊಳೆಯದೆ.

ಡಾಕ್ಟರು ಪಟ್ಟಿ ಬಿಚ್ಚಿದರು. ಬರೆಯ ಒಂದು ಗೆರೆ ಬಿರಿದು ಕೀವು ಸೋರುತ್ತಿತ್ತು. ಅವರು ಬಗ್ಗಿ ನೋಡಿ, ತಲೆಯೆತ್ತಿ, ಮೆತ್ತಗೆ ಕೇಳಿದರು, “ಹಾ ಡಾಗ ಕುಣೀ ದಿಲಾ?”

ಈ ಬರೆ ಹಾಕಿದ್ದು ಯಾರು? ಪ್ರಶ್ನೆಯಲ್ಲಿ ಸಿಟ್ಟೇನೂ ಇರಲಿಲ್ಲ, ಅವರಿಗೆ ತಿಳಿಯಬೇಕಿತ್ತು ಅಷ್ಟೆ. ಅವ್ವ ನನ್ನನ್ನು ನೋಡಿದಳು. ಮಾಮಾ ನನ್ನನ್ನು ನೋಡಿದ. ಅವನ ನೋಟದಲ್ಲಿ ಬೇಡಿಕೆಯಿರಲಿಲ್ಲ. ನೀನು ಹೇಳುತ್ತೀಯಲ್ಲ ಎಂಬ ಭರವಸೆಯಿತ್ತು. ನಾನು ಗೋಡೆಗೆ ತೂಗಹಾಕಿದ್ದ ಎಲುಬಿನ ಚಿತ್ರ ನೋಡುತ್ತ ಮಲಗಿದ್ದೆ. ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಜ್ವರ ಮುಚ್ಚಿಟ್ಟದ್ದು, ಶರ್ಯತ್ತಿನ ದಿನದ ಬಗ್ಗೆ ಸುಳ್ಳು ಹೇಳಿದ್ದು, ಆರನೆಯ ದಿನ ಓಡಿದ್ದು, ಎಲ್ಲ ಹೊರಗೆ ಬರುತ್ತಿತ್ತು.

“ನಾನ ಹಾಕೇನ್ರಿ ಸಾಹೇಬ್ರ,” ಎಂದ ಮಾಮಾ. ಕನ್ನಡದಲ್ಲೇ ಹೇಳಿದ.

ಅವ್ವ ಅವನ ಕಡೆ ತಿರುಗಿದಳು. ಬೈಯಲಿಲ್ಲ, ಅಳಲಿಲ್ಲ. “ಊರ ಮಂದೀನ್ನೆಲ್ಲಾ ಇಲ್ಲಿಗೆ ತಂದ ಬಿಟ್ಟಿ,” ಎಂದಳು. “ನನ್ನ ಮಗನ್ನ ಒಬ್ಬನ್ನ ತರಾಕ ಆಗಲಿಲ್ಲೇನು ನಿನಗ?”

ಅದು ಅವಳು ಅವನೊಂದಿಗೆ ಆಡಿದ ಕೊನೆಯ ಮಾತು.

ಎರಡು ತಿಂಗಳು ಮೊದಲು ಬಂದಿದ್ದರೆ ಕೀಲು ಉಳಿಯುತ್ತಿತ್ತೇನೋ ಎಂದರು ಡಾಕ್ಟರು. ಕಾಲಿಗೆ ತೂಕ ಕಟ್ಟಿ ಎಳೆದು ಮಲಗಿಸಿದರು, ಆಮೇಲೆ ಸೊಂಟದವರೆಗೆ ಪ್ಲಾಸ್ಟರು. ದಿನಕ್ಕೊಂದು ಸೂಜಿ, ಸೂಜಿಯಿಂದ ಕಿವಿಯಲ್ಲಿ ಸದಾ ಜೀರುಂಡೆ ಕೂಗಿದಂತೆ ಸದ್ದು. ಬಾಯಿ ಹುಳಿಯಾಗಿಸುವ ಗುಳಿಗೆಗಳನ್ನು ಹಿಡಿಹಿಡಿ ನುಂಗಬೇಕಿತ್ತು. ಐದು ತಿಂಗಳು ಮಾಳಿಗೆಯ ಬಿರುಕನ್ನೇ ನೋಡುತ್ತ ಮಲಗಿದ್ದೆ. ನಾನು ಆಗ ಧೈರ್ಯದಿಂದಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಬದುಕುವುದು ಬೇಡವೆನಿಸಿತ್ತು. ಬೆಳಗಾದರೆ ಮತ್ತೆ ಬೆಳಗಾಯಿತಲ್ಲ ಎಂದು ಅಳು ಬರುತ್ತಿತ್ತು. ವಿಭಾಗಮಟ್ಟಕ್ಕೆ ಹೋದವನು ಎಲ್ಲ ಶರ್ಯತ್ತುಗಳಲ್ಲೂ ನನ್ನ ಹಿಂದೆ ಎರಡನೆಯವನಾಗಿ ಬರುತ್ತಿದ್ದ ಹುಡುಗ. ನೌಕರಿಯೂ ಅವನಿಗೇ ಆಯಿತು. ಒಳ್ಳೆಯವನು, ಪೇಢೆ ಹಿಡಿದು ನೋಡಲು ಬಂದಿದ್ದ. ಆ ಪೇಢೆಯನ್ನು ನಾನು ದಿಂಬಿನ ಕೆಳಗೆ ಇರುವೆ ಮುತ್ತುವವರೆಗೆ ಇಟ್ಟುಕೊಂಡಿದ್ದೆ.

ಪಕ್ಕದ ಮಂಚದಲ್ಲಿ ಸಿತಾರು ಮಾಡುವ ಉಸ್ಮಾನ ಚಾಚಾ ಇದ್ದರು. ಅವರಿಗೆ ಬೆನ್ನೆಲುಬಿನ ಕ್ಷಯ, ಎದೆಯಿಂದ ಸೊಂಟದವರೆಗೆ ಪ್ಲಾಸ್ಟರಿನ ಅಂಗಿ. ತಮ್ಮ ಪ್ಲಾಸ್ಟರನ್ನೇ ಬೆರಳಿನಿಂದ ತಟ್ಟಿ, “ಈ ಭೋಪಳಾ ಇನ್ನ ಒಣಗಿಲ್ಲೋ,” ಎಂದು ಸಿತಾರಿನ ಬುರುಡೆಗೆ ಒಣಗಿಸುವ ಕುಂಬಳಕ್ಕೆ ಅದನ್ನು ಹೋಲಿಸುತ್ತಿದ್ದರು. ಪ್ಲಾಸ್ಟರಿನೊಳಗೆ ತುರಿಕೆ ಎದ್ದರೆ ಏನು ಗತಿ ಎಂದು ಬಲ್ಲವರೇ ಬಲ್ಲರು. ಹುಚ್ಚು ಹಿಡಿಯುವುದೊಂದು ಬಾಕಿ. ಚಾಚಾ ಮನೆಯಿಂದ ಒಂದು ದಪ್ಪ ಸಿತಾರಿನ ತಂತಿ ತರಿಸಿ, ತುದಿಯನ್ನು ದುಂಡಗೆ ಮಣಿಸಿ ನನಗೆ ಕೊಟ್ಟರು. ಅದನ್ನು ಒಳಗೆ ಇಳಿಬಿಟ್ಟು ಕೆರೆದುಕೊಂಡ ಮೊದಲ ದಿನ ನಾನು ಜೋರಾಗಿ ನಕ್ಕೆ. ಆ ಐದು ತಿಂಗಳಲ್ಲಿ ನಕ್ಕ ನೆನಪು ಅದೊಂದೇ.

ಒಮ್ಮೆ ಚಾಚಾ ಕೇಳಿದರು, “ಹೊರಗ ಬೇವಿನ ಗಿಡದ ಕೆಳಗ ಒಬ್ಬಾಂವ ಟಾಂಗಾ ನಿಲ್ಲಿಸಿಕೊಂಡ ದಿನಾ ನಿಂದ್ರತಾನಲ್ಲೋ, ಯಾರಂವ?”

ನನಗೆ ಗೊತ್ತಿತ್ತು. ಅವ್ವ ವಾರ್ಡಿನಲ್ಲಿರುವಾಗ ಮಾಮಾ ಒಳಗೆ ಬರುತ್ತಿರಲಿಲ್ಲ, ಅವ್ವ ಇಲ್ಲದಾಗಲೂ ಬರುತ್ತಿರಲಿಲ್ಲ. ರೋಗಿಗಳನ್ನು ಬಾಗಿಲಿಗೆ ಬಿಟ್ಟು ಗಿಡದ ಕೆಳಗೆ ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದ. ‘ಗುಣಾ ಆಗತೈತೇನ್ರಿ’ ಎಂದು ಯಾರಾದರೂ ಕೇಳಿದರೆ ಈಗ ಅವನು ‘ಡಾಕ್ಟರನ ಕೇಳ್ರಿ’ ಎನ್ನುತ್ತಾನಂತೆ ಎಂದು ಓಣಿಯವರೊಬ್ಬರು ಬಂದು ಹೇಳಿದರು. ಒಂದು ಮಾತು ಅವ್ವನಿಗೆ ಹೇಳಿದ್ದರೆ ಅವನು ಅಂದೇ ಒಳಗೆ ಬರುತ್ತಿದ್ದ. ನಾಳೆ ಹೇಳೋಣ ಎಂದುಕೊಂಡೆ. ಮಲಗಿದವನಿಗೆ ನಾಳೆಗಳಿಗೇನು ಬರ.

ಕೊನೆಗೆ ಡಾಕ್ಟರು ಅವ್ವನನ್ನೂ ನನ್ನನ್ನೂ ಕೂರಿಸಿ ಹೇಳಿದರು. ಕೀಲು ಸವೆದುಹೋಗಿದೆ. ಹಾಗೇ ಬಿಟ್ಟರೆ ಸ್ವಲ್ಪ ಮಡಚುತ್ತದೆ, ಆದರೆ ಜೀವಮಾನವಿಡೀ ನೋವು, ರೋಗ ಮರುಕಳಿಸುವ ಭಯ. ಎರಡೂ ಎಲುಬುಗಳನ್ನು ಬೆಸೆದುಬಿಟ್ಟರೆ ನೋವಿಲ್ಲ, ನಿಲ್ಲಬಹುದು, ನಡೆಯಬಹುದು, ಮಡಚುವುದು ಮಾತ್ರ ಇಲ್ಲ. ಆ ರಾತ್ರಿಯೆಲ್ಲ ನಾನು ಓಟದ ಬಗ್ಗೆ ಯೋಚಿಸಲೇ ಇಲ್ಲ. ಪಂಕ್ತಿಯಲ್ಲಿ ಊಟಕ್ಕೆ ಹೇಗೆ ಕೂರುವುದು, ಪಾಯಖಾನೆಗೆ ಹೇಗೆ ಹೋಗುವುದು, ಸೈಕಲ್ಲಿನ ಎಡ ಪೆಡಲನ್ನು ಏನು ಮಾಡುವುದು, ಇವೇ ತಲೆಯಲ್ಲಿದ್ದವು. ಬೆಳಿಗ್ಗೆ ಸಹಿ ಮಾಡಿದೆ.

ಮನೆಗೆ ಮರಳಿದ ಮೇಲೆ ಅವ್ವ ಅಡುಗೆಮನೆಯಲ್ಲಿ ಒಲೆಯ ಪಕ್ಕ ನನಗೊಂದು ಎತ್ತರದ ಮಣೆ, ಅದರ ಮುಂದೆ ತಾಟಿಗೊಂದು ಸ್ಟೂಲು ಇಟ್ಟಳು. ಕಾಲು ಚಾಚಿ ಕೂತು ಉಣ್ಣುತ್ತಿದ್ದೆ, ಅವಳು ಬಿಸಿ ರೊಟ್ಟಿ ನೇರ ತಾಟಿಗೆ ಹಾಕುತ್ತಿದ್ದಳು. ಮಾಮಾನ ತಾಟನ್ನು ಹೊರಕೋಣೆಯ ಹೊಸ್ತಿಲ ಬಳಿ ನೆಲದ ಮೇಲಿಟ್ಟು ತಿರುಗಿ ನೋಡದೆ ಒಳಗೆ ಬರುತ್ತಿದ್ದಳು. ಒಂದು ದಿನವೂ ಅವನಿಗೆ ಊಟ ತಪ್ಪಿಸಲಿಲ್ಲ, ತಂಗಳು ಹಾಕಲಿಲ್ಲ. ಮಾತು ಮಾತ್ರ ಇಲ್ಲ. ಮಾಮಾ ಉಂಡು, ತಾಟು ತೊಳೆದಿಟ್ಟು, ಗೋಡೆಯ ಕಡೆ ಮುಖ ಮಾಡಿ “ಚಲೋ ಆಗಿತ್ತು” ಎನ್ನುತ್ತಿದ್ದ. ದಿನಾ ಎನ್ನುತ್ತಿದ್ದ. ಒಳಗಿನಿಂದ ಉತ್ತರ ಬರುತ್ತಿರಲಿಲ್ಲ.

ಒಂದೇ ಒಂದು ಸಲ ನಾನು ಬಾಯಿಬಿಟ್ಟೆ. ತಪಾಸಣೆಗೆಂದು ಮಾಮಾ ನನ್ನನ್ನು ಟಾಂಗಾದಲ್ಲಿ ಕರೆದೊಯ್ಯುತ್ತಿದ್ದ. ಹಿಂದಿನ ಸೀಟಿನಲ್ಲಿ ನನ್ನ ಕಾಲು ಹೊರಗೆ ಚಾಚಿಕೊಂಡಿರುತ್ತದೆಂದು ಅದಕ್ಕೆ ಕೆಳಗಿನಿಂದ ಒಂದು ಹಲಗೆ ಬಡಿದು, ಮೇಲೆ ಗೋಣಿಚೀಲ ಹೊಲಿದಿದ್ದ.

“ಮಾಮಾ, ನಾ ಅವ್ವಗ ಖರೇ ಹೇಳತೇನ್ರಿ,” ಎಂದೆ.

ಅವನು ಹಿಂದೆ ತಿರುಗಲಿಲ್ಲ. “ಬ್ಯಾಡ. ಆಕಿಗೆ ನಿನ್ನ ಬಿಟ್ರ ಯಾರದಾರ? ಸಿಟ್ಟ ನನ್ನ ಮ್ಯಾಲ ಇರಲಿ. ನಾ ಹೆಂಗೂ ಹೊರಗ ಇರಾಂವ.”

ಆಗ ನನಗೆ ನೆಮ್ಮದಿಯಾಯಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ. ಅವನೇ ಬೇಡವೆಂದ ಮೇಲೆ ನನ್ನದೇನು ಎಂದುಕೊಂಡು ಹತ್ತು ವರ್ಷ ಆರಾಮಾಗಿ ಬಿಸಿ ರೊಟ್ಟಿ ತಿಂದೆ. ಸಹಕಾರಿ ಹಾಲಿನ ಸಂಘದಲ್ಲಿ ಕೆಲಸ ಸಿಕ್ಕಿತು. ಬಂದ ಹಾಲನ್ನು ನಿಂತು ಪರೀಕ್ಷಿಸುವ ಕೆಲಸ, ದಿನವಿಡೀ ನಿಲ್ಲಬೇಕು. ನಿಲ್ಲುವುದಕ್ಕೆ ನನ್ನ ಕಾಲಿನಂಥ ಕಾಲು ಬೇರೊಂದಿಲ್ಲ. ಮೈನಾ ಸತ್ತಳು, ಸ್ಟೇಷನ್ನಿನ ಮುಂದೆ ಆಟೋರಿಕ್ಷಾಗಳು ಬಂದವು. ಮಾಮಾ ಟಾಂಗಾ ಮಾರಿದ. ಹಲಗೆಯನ್ನು ಮಾತ್ರ ಕಿತ್ತು ಕೊಟ್ಟಿಗೆಯಲ್ಲಿಟ್ಟುಕೊಂಡ.

ಹನ್ನೊಂದನೆಯ ವರ್ಷದ ಚಳಿಗಾಲದಲ್ಲಿ ಮಾಮಾ ಎದೆಯ ಕಫದಿಂದ ಹಾಸಿಗೆ ಹಿಡಿದ. ಅವ್ವ ಗಂಜಿ ಕುಡಿಸಿದಳು, ಬೆನ್ನು ತಿಕ್ಕಿದಳು, ಮಾತಾಡಲಿಲ್ಲ. ಕೊನೆಯ ದಿನ ಅವನು ಗಂಜಿ ಕುಡಿದು ಗೋಡೆಯ ಕಡೆ ತಿರುಗಿ ತುಟಿ ಅಲ್ಲಾಡಿಸಿದ. ಧ್ವನಿ ಹೊರಡಲಿಲ್ಲ. ಏನಂದನೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅವ್ವ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಮಣ್ಣು ಮಾಡಿ ಬಂದ ಮೇಲೆ ಜನ ಕೂತಿದ್ದರು. ಅವನ ಜೊತೆ ಟಾಂಗಾ ಹೊಡೆಯುತ್ತಿದ್ದ ಮುದುಕರೊಬ್ಬರು, ಕುದುರೆಯ ವಿಷಯದಲ್ಲಿ ಅವನ ಕೈಗುಣ ದೊಡ್ಡದು ಎಂದರು. ಅವ್ವ ತಲೆಯೆತ್ತದೆ ಹೇಳಿದಳು, “ಕುದರಿಗೆ ಚಲೋ ಇತ್ರಿ ಕೈ. ನನ್ನ ಮಗನ ಕಾಲ ತಿಂದಾ.”

ಹೆಣ ಹೋದ ಮೇಲೂ ಆ ಅಪವಾದ ಅವನ ಬೆನ್ನು ಬಿಟ್ಟಿರಲಿಲ್ಲ. ಜನ ಎದ್ದುಹೋದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಜ್ವರ, ಕುಡುಗೋಲು, ಶರ್ಯತ್ತಿನ ದಿನದ ಸುಳ್ಳು, ಆರನೆಯ ದಿನದ ಓಟ, ಡಾಕ್ಟರ ಪ್ರಶ್ನೆಗೆ ನಾನು ಸುಮ್ಮನಿದ್ದದ್ದು. ಅವ್ವ ಜೋಳದ ಹಿಟ್ಟು ಕಲೆಸುತ್ತಿದ್ದಳು. ಕೈ ನಿಂತಿತು.

“ಬ್ಯಾಡ ಅಂದಿದ್ದಾ ಅಂವ?”

“ಎರಡ ಸಲ ಅಂದಿದ್ದಾ. ದವಾಖಾನಿಗೆ ನಡಿ ಅಂದಿದ್ದಾ.”

“ಹನ್ನೊಂದ ವರ್ಷ,” ಎಂದಳು. ಮತ್ತೆ ಹಿಟ್ಟು ನಾದತೊಡಗಿದಳು.

ಊಟದ ಹೊತ್ತಿಗೆ ನಾನು ಒಳಗೆ ಹೋದೆ. ಒಲೆಯ ಪಕ್ಕ ನನ್ನ ಮಣೆ ಇರಲಿಲ್ಲ, ಸ್ಟೂಲು ಇರಲಿಲ್ಲ. ಅವ್ವ ರೊಟ್ಟಿ, ಪಲ್ಯ ಬಡಿಸಿದ ತಾಟು ಹಿಡಿದು ನನ್ನನ್ನು ದಾಟಿ ಹೊರಕೋಣೆಗೆ ಹೋದಳು. ಹೊಸ್ತಿಲ ಬಳಿ, ಮಾಮಾನ ತಾಟು ಇಡುತ್ತಿದ್ದ ಜಾಗದಲ್ಲಿ, ನೆಲದ ಮೇಲಿಟ್ಟಳು. ತಿರುಗಿ ನೋಡದೆ ಒಳಗೆ ಬಂದಳು.

ಈಗ ಏಳು ವರ್ಷವಾಯಿತು. ದವಾಖಾನೆಯ ಬೆಂಚಿನ ಮೇಲೆ ಸೊಪ್ಪು ಕಟ್ಟಿದ, ಬರೆ ಹಾಕಿದ ಕಾಲುಗಳು ಈಗಲೂ ಕಾಣುತ್ತವೆ. ಡಾಕ್ಟರು ಅದೇ ಪ್ರಶ್ನೆ ಕೇಳುತ್ತಾರೆ, ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಯಾರಾದರೂ ಅಂಥವರು ಇದನ್ನು ಓದಿದರೆ, ದಯವಿಟ್ಟು ಅಲ್ಲಿಯೇ, ಆಗಲೇ ಹೇಳಿಬಿಡಿ. ಕಾಲು ಉಳಿಯಲಿ, ಹೋಗಲಿ. ಮಡಚದ ಈ ಕಾಲಿನಿಂದ ನೆಲದ ಮೇಲಿನ ತಾಟಿಗೆ ಬಗ್ಗುವುದು ಕಷ್ಟ, ಗೋಡೆಗೆ ಒರಗಿ, ಓರೆಯಾಗಿ ಕೂತು ಉಣ್ಣುತ್ತೇನೆ. ಊಟ ಬಿಸಿಯಾಗಿರುತ್ತದೆ, ಒಂದು ದಿನವೂ ತಪ್ಪಿಲ್ಲ. ಉಂಡು, ತಾಟು ತೊಳೆದಿಟ್ಟು, ಗೋಡೆಯ ಕಡೆ ಮುಖ ಮಾಡಿ “ಚಲೋ ಆಗಿತ್ತವ್ವಾ” ಎನ್ನುತ್ತೇನೆ. ಒಳಗೆ ಪಾತ್ರೆ ತೊಳೆಯುವ ಸದ್ದು ಒಂದು ಗಳಿಗೆ ನಿಲ್ಲುತ್ತದೆ, ಆಮೇಲೆ ಮತ್ತೆ ಕೇಳುತ್ತದೆ.